ಮುಂದ್ಲದು, ಹಿಂದ್ಲದು

ಚುಂಚನಕಟ್ಟೆ ಜಾತ್ರೆಗೆ ಎತ್ತು ಕೊಳ್ಳಲು ಹೋಗುವವರಿಗೆ ನಮ್ಮ ಮಿರ್ಲೆಯಲ್ಲಿ ಒಂದು ಮರ್ಯಾದೆ ಇದೆ. ನಾನು ಹೋಗುತ್ತಿದ್ದದ್ದು ಕಡ್ಲೆಪುರಿ ಕೊಳ್ಳಲು. ಆದರೂ 2009ರ ಸಂಕ್ರಾಂತಿ ಸಮಯದಲ್ಲಿ ಆ ದನಗಳ ನಡುವೆ ನನಗೂ ಒಂದು ಪರೀಕ್ಷೆ ಕಾದಿತ್ತು.

ಊರಿನ ಹಿರಿಯರೊಬ್ಬರು ಹಳ್ಳಿಕಾರ್ ಹೋರಿಯೊಂದರ ಬಾಯಿ ಬಿಡಿಸಿ, ತುಟಿ ಎತ್ತಿ, ‘ಆರಲ್ಲು’ ಎಂದು ತೀರ್ಪು ಕೊಟ್ಟು, ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನತ್ತ ಬಂದರು. ನನ್ನ ಮುಖ ನೋಡಲಿಲ್ಲ. ನೇರವಾಗಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಿಂದಿನ ಟೈರಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮುಂದಿನದರ ಮೇಲೆ.

“ಮೇಷ್ಟ್ರೇ, ಮುಂದ್ಲದು ಇನ್ನೂ ನಾಕಲ್ಲು. ಹಿಂದ್ಲದು ಬಾಯ್ಗೂಡಿ, ಹಲ್ಲೂ ಉದ್ರೋಗದೆ. ಇದ್ರ ಮೇಲೆ ಹೆಣ್ಮಗಳ್ನ ಕೂರಿಸ್ಕಬಂದಿದ್ದೀರಲ್ಲ, ಏನೇಳದು ನಿಮ್ಗೆ!”

ಹೆಣ್ಮಗಳು ಪಕ್ಕದಲ್ಲೇ ನಿಂತಿದ್ದಳು. ದಾರಿಯುದ್ದಕ್ಕೂ ಮಾತು ಕೇಳಬೇಕಾದವನು ನಾನು.

ಎತ್ತಿಗೂ ಟೈರಿಗೂ ಹಲ್ಲಿನ ಲೆಕ್ಕವೇ ವಯಸ್ಸು. ವ್ಯತ್ಯಾಸ ಇಷ್ಟೇ: ಎತ್ತಿಗೆ ವಯಸ್ಸು ಬಂದಂತೆ ಎರಡು, ನಾಲ್ಕು, ಆರು ಎಂದು ಹಲ್ಲು ಕೂಡುತ್ತದೆ. ಟೈರಿಗೆ ಕಳೆಯುತ್ತದೆ. ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಡನ್ಲಪ್ ಕೂಡ ಓದಿಕೊಂಡಿದ್ದದ್ದು ದನದ ಡಾಕ್ಟರಿಕೆಯನ್ನೇ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಮಗನ ಮೂರು ಚಕ್ರದ ಸೈಕಲ್ಲು ಕುಲುಕುತ್ತದೆಂದು ರಬ್ಬರಿಗೆ ಗಾಳಿ ಕಟ್ಟಿದ. ಆದ್ದರಿಂದ ನನ್ನ ಟೈರಿನ ಹಲ್ಲು ಎಣಿಸಿದ ಹಿರಿಯರು ಆ ವಿದ್ಯೆಯ ಮೂಲಸ್ಥಾನಕ್ಕೇ ಕೈ ಹಾಕಿದ್ದರು.

ಮೇಷ್ಟರ ಚಾಳಿ ಎಂದರೆ ಬರೆದಿಡುವುದು. ಬೈಕು ಕೊಂಡದ್ದು 2006ರ ಜನವರಿಯಲ್ಲಿ. ಆಗ ಕೆ.ಆರ್. ನಗರದ ಶಾಲೆಗೆ ದಿನಾ ಓಡಾಟ. ಅಡ್ಡ ಕೆಲಸಗಳೂ ಸೇರಿ ದಿನಕ್ಕೆ 30 ಕಿಲೋಮೀಟರು, ವರ್ಷಕ್ಕೆ 9,000. ಕಂಪನಿಯಿಂದಲೇ ಬಂದ ಹಿಂದಿನ ಟೈರು 27,000ಕ್ಕೆ ಬೋಳಾಯಿತು. ಎರಡನೆಯದು 22,000ಕ್ಕೆ. ಮುಂದಿನದು ಮಾತ್ರ ಇವೆರಡರ ತಿಥಿಯನ್ನೂ ನೋಡಿ, 49,000 ಓಡಿ, ಆಮೇಲೆ ನಿಧಾನವಾಗಿ ನಿವೃತ್ತಿಯಾಯಿತು. ನಮ್ಮ ಪಂಕ್ಚರ್ ಅಂಗಡಿಯವನ ಸೂತ್ರವೂ ಅದೇ: “ಹಿಂದ್ಲದು ಎರ್ಡು, ಮುಂದ್ಲದು ಒಂದು, ಸಾ.”

ಯಾಕೆ ಹೀಗೆ? ಮನೆಯಲ್ಲಿ ಈ ಪ್ರಶ್ನೆ ಎತ್ತಿದ್ದೇ ತಪ್ಪಾಯಿತು.

“ಹಿಂದೆ ಭಾರ ಜಾಸ್ತಿ ಬೀಳುತ್ತೆ ಕಣೇ” ಎಂದೆ, ಶಾಲೆಯಲ್ಲಿ ವಿಜ್ಞಾನ ಹೇಳುವ ಸ್ವರದಲ್ಲಿ.

“ಯಾರ ಭಾರ ರೀ?” ಎಂದಳು.

ಅಲ್ಲಿಂದ ಮುಂದೆ ವಿಜ್ಞಾನವನ್ನು ಬಹಳ ಜಾಗರೂಕತೆಯಿಂದ ವಿವರಿಸಬೇಕಾಯಿತು. 25 ಕೆ.ಜಿ. ಅಕ್ಕಿ ಮೂಟೆ ಕೂರುವುದು ಹಿಂದೆ. ತುಂಬಿದ ಗ್ಯಾಸ್ ಸಿಲಿಂಡರಿನ ಸುಮಾರು 30 ಕೆ.ಜಿ. ಕೂರುವುದೂ ಹಿಂದೆ. ನಾಲೆ ಏರಿಯ ಮೇಲೆ ಕೊಯ್ದ ಹಸಿಹುಲ್ಲಿನ ಹೊರೆ, ತವರಿನಿಂದ ಬರುವ ತೆಂಗಿನಕಾಯಿ ಚೀಲ, ಎಲ್ಲಾ ಹಿಂದೆಯೇ. ಸಾಲದ್ದಕ್ಕೆ ಎಂಜಿನ್ನು ತನ್ನ ಶಕ್ತಿಯನ್ನೆಲ್ಲ ಚೈನಿನ ಮೂಲಕ ಕೊಡುವುದೂ ಹಿಂದಿನ ಚಕ್ರಕ್ಕೇ. ನೆಲವನ್ನು ಒದ್ದು ಗಾಡಿಯನ್ನು ತಳ್ಳುವುದು ಅದರ ಕೆಲಸ. ಮುಂದಿನದು ತಳ್ಳುವುದಿಲ್ಲ, ಸುಮ್ಮನೆ ಉರುಳುತ್ತದೆ. ಎಡಕ್ಕೆ, ಬಲಕ್ಕೆ ಎಂದು ದಾರಿ ತೋರಿಸುತ್ತದೆ.

“ಅಂದ್ರೆ ನಿಮ್ಮ ಥರ” ಎಂದಳು.

ನಾನು ಅಲ್ಲಿಗೆ ಪಾಠ ನಿಲ್ಲಿಸಿದೆ.

ಮರ್ಯಾದೆ ಮಾತ್ರ ಪೂರ್ತಿ ಮುಂದಿನದಕ್ಕೆ. ಆಯುಧಪೂಜೆಯ ದಿನ ನೋಡಿ. ನಿಂಬೆಹಣ್ಣು ಇಡುವುದು ಮುಂದಿನ ಚಕ್ರದಡಿ. ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ ಎಲ್ಲಾ ಮುಂದಕ್ಕೆ. ಮಂಗಳಾರತಿ ತಟ್ಟೆ ಮುಂದೆಯೇ ಮೂರು ಸುತ್ತು ಸುತ್ತಿ ಒಳಗೆ ಹೋಗುತ್ತದೆ. ವರ್ಷವಿಡೀ ದುಡಿದ ಹಿಂದಿನ ಚಕ್ರಕ್ಕೆ ಸಿಗುವುದು, ಕೈಯಲ್ಲಿ ಉಳಿದ ಅರಿಶಿನದ ಒರೆತ.

ಮೊಳೆಯ ವಿಷಯದಲ್ಲೂ ಅಷ್ಟೇ. ರಸ್ತೆಯಲ್ಲಿ ಮಲಗಿದ ಮೊಳೆಯನ್ನು ಮುಂದಿನ ಚಕ್ರ ಮುಟ್ಟಿ ಎಬ್ಬಿಸುತ್ತದೆ. ಎದ್ದು ನಿಂತ ಮೊಳೆ ಹಿಂದಿನದಕ್ಕೆ ನಾಟುತ್ತದೆ. ಪಂಕ್ಚರ್ ಅಂಗಡಿಯವನು ಹತ್ತು ಸಲದಲ್ಲಿ ಎಂಟು ಸಲ ಬಿಚ್ಚುವುದು ಹಿಂದಿನದನ್ನೇ. ಮುಂದಿದ್ದವರು ಕೆದಕಿದ್ದು ಹಿಂದೆ ಬಂದವರಿಗೆ ಚುಚ್ಚುವುದು ಊರಿನ ರಾಜಕೀಯದಲ್ಲಿ ನಮಗೆ ಹೊಸದಲ್ಲವಾದ್ದರಿಂದ ಯಾರಿಗೂ ಇದು ವಿಚಿತ್ರ ಎನಿಸಿಲ್ಲ.

ಇನ್ನು ಬ್ರೇಕು. ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಎಂಬುದು ನಮ್ಮ ಕಡೆ ವೇದವಾಕ್ಯ. ನಾನು ಬೈಕು ಕಲಿಯುವಾಗ ಗುರುಗಳು ಹೇಳಿಕೊಟ್ಟ ಮೊದಲ ಮಂತ್ರವೂ ಅದೇ. ನಿಜ ಏನೆಂದರೆ, ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಆಗ ನೆಲ ಕಚ್ಚಿ ನಿಲ್ಲಿಸುವ ತಾಕತ್ತು ಹೆಚ್ಚಾಗಿ ಮುಂದಿನ ಚಕ್ರದ್ದು. ಆದರೆ ನಾವು ಕಾಲಿನಲ್ಲಿ ಹಿಂದಿನದನ್ನೇ ಮೆಟ್ಟಿ, ಅದನ್ನೇ ತಾರಿನ ಮೇಲೆ ತೇಯ್ದು, ಮುಂದಿನದನ್ನು ಮಾವನ ಮನೆಯ ಅಳಿಯನಂತೆ ನೋಡಿಕೊಳ್ಳುತ್ತೇವೆ. 2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಲ್ಲಿ ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ ಕಡ್ಡಾಯವಾಯಿತು. ಮುಂದಿನದೂ ಸ್ವಲ್ಪ ಮೈ ಬಗ್ಗಿಸಲಿ ಎಂದು ಸರ್ಕಾರಕ್ಕೇ ಅನ್ನಿಸಿರಬೇಕು.

ನಮ್ಮ ರಸ್ತೆಗಳ ಪಾಲನ್ನೂ ಹೇಳಬೇಕು. ಸುಗ್ಗಿ ಬಂತೆಂದರೆ ತಾರು ರಸ್ತೆಯೇ ಕಣ. ಹುರುಳಿ ಸೊಪ್ಪು, ರಾಗಿ ತೆನೆ ಹರಡಿ, ಒಕ್ಕಣೆಯ ಕೆಲಸವನ್ನು ನಮ್ಮ ಟೈರಿಗೆ ವಹಿಸುತ್ತಾರೆ. ಹಾಗೆ ನಾನು ಎಷ್ಟು ಪಲ್ಲ ಹುರುಳಿ ಒಕ್ಕಿದ್ದೇನೋ, ಕೂಲಿ ಮಾತ್ರ ಒಬ್ಬರೂ ಕೊಟ್ಟಿಲ್ಲ. ಹುರುಳಿ ಬಳ್ಳಿ ಕಡ್ಡಿಗಳಿಗೆ ಸುತ್ತಿಕೊಂಡು, ಗಾಡಿ ನಿಂತು, ನಾನು ಕುಡುಗೋಲಿನಲ್ಲಿ ಚಕ್ರಕ್ಕೆ ಕ್ಷೌರ ಮಾಡಿದ್ದೂ ಉಂಟು.

ಹಿರಿಯರನ್ನು ಕೇಳಿದರೆ ಟೈರು ಸವೆಯುವುದೇ ಈ ಕಾಲದ ರೋಗ. ಮೈಸೂರು ಸೀಮೆಯವರಿಗೆ ಎರಡು ಚಕ್ರದ ಗರ್ವ ಸ್ವಲ್ಪ ಜಾಸ್ತಿ. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಮೈಸೂರಿನ ಯಾದವಗಿರಿಯಲ್ಲಿ, ವಿಕ್ರಾಂತ್ ಟೈರು ಹುಟ್ಟಿದ್ದೂ ಮೈಸೂರಿನಲ್ಲೇ. ಒಂದೇ ಲಿವರಿನಲ್ಲಿ ಕಿಕ್ಕೂ ಹೊಡೆದು ಗೇರೂ ಹಾಕುತ್ತಿದ್ದ ಆ ಜಾವಾವನ್ನು ಓಡಿಸಿದ ನಮ್ಮೂರಿನ ಒಬ್ಬರ ಪ್ರಕಾರ ಅವರ ಟೈರು ಸವೆದೇ ಇಲ್ಲವಂತೆ. 1996ರಲ್ಲಿ ಕಾರ್ಖಾನೆ ಮುಚ್ಚಿತು, ಟೈರು ಮಾತ್ರ ಹಾಗೇ ಇತ್ತಂತೆ. ಆ ಗಾಡಿ ವರ್ಷಕ್ಕೆ ಎಷ್ಟು ದಿನ ಮನೆಯಿಂದ ಹೊರಗೆ ಬರುತ್ತಿತ್ತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದ್ದರೆ ಮುಂದೆ ಆದದ್ದು ತಪ್ಪುತ್ತಿತ್ತೇನೋ.

ನಡುವೆ ಜಿಪುಣತನದ ಒಂದು ಪ್ರಯೋಗವೂ ನಡೆಯಿತು. ನನ್ನ ಗಾಡಿಯಲ್ಲಿ ಎರಡೂ ಟೈರಿನ ಅಳತೆ ಒಂದೇ, 2.75–18. ಹಾಗಿದ್ದರೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಸರಿಸಮ ಸವೆಸಬಾರದೇಕೆ? ಸಮಪಾಲು ಸಮಬಾಳು! ಪಂಕ್ಚರ್ ಅಂಗಡಿಯವನು ನನ್ನನ್ನು ಕರುಣೆಯಿಂದ ನೋಡಿ, ಟೈರಿನ ಪಕ್ಕೆಯ ಮೇಲಿನ ಬರಹ ತೋರಿಸಿದ. ಮುಂದಿನದರ ಮೇಲೆ 42, ಹಿಂದಿನದರ ಮೇಲೆ 48. ಅದು ಹೊರುವ ಶಕ್ತಿಯ ಅಂಕಿ: 42 ಎಂದರೆ 150 ಕೆ.ಜಿ., 48 ಎಂದರೆ 180. ಗೀರುಗಳೂ ಬೇರೆ. ಮುಂದಿನದರಲ್ಲಿ ದಾರಿ ಹಿಡಿದು ಹೋಗಲು ಉದ್ದುದ್ದ ಗೆರೆ, ಹಿಂದಿನದರಲ್ಲಿ ನೆಲ ಕಚ್ಚಿ ತಳ್ಳಲು ಅಡ್ಡಡ್ಡ ಹಲ್ಲು. “ನೊಗದಲ್ಲಿ ಎಡದೆತ್ನ ಬಲಕ್ಕೆ ಕಟ್ಟಿ ನೋಡಿ ಸಾ, ಗೊತ್ತಾಯ್ತದೆ” ಎಂದ. ಒಪ್ಪಿದೆ.

2011ರಲ್ಲಿ ಎರಡೂ ಹೊಸ ಟೈರು ಹಾಕಿಸಿದೆ. ಮರುವರ್ಷ ಮಿರ್ಲೆಗೇ ವರ್ಗವಾಯಿತು. ಶಾಲೆಗೆ ನಡೆದೇ ಹೋಗುವಷ್ಟು ದೂರ. ಬೈಕು ಕೊಟ್ಟಿಗೆ ಸೇರಿತು. ವಾರಕ್ಕೊಮ್ಮೆ ಸಾಲಿಗ್ರಾಮ, ಜಾತ್ರೆಗೆ ಚುಂಚನಕಟ್ಟೆ, ಮದುವೆಗೆ ಹುಣಸೂರು. ಹಿಂದಿನದು ಅಷ್ಟರಲ್ಲೂ ಸವೆಯಿತು. 2019ರ ಜೂನ್‌ನಲ್ಲಿ, 19,000 ಕಿಲೋಮೀಟರಿಗೆ, ಅದನ್ನು ಬದಲಾಯಿಸಿದೆ.

“ಮುಂದ್ಲದೂ ಹಾಕ್ಬುಡಿ ಸಾ” ಎಂದ ಅವನು.

“ಗ್ರಿಪ್ಪು ಇನ್ನೂ ಇದೆಯಲ್ಲಯ್ಯಾ” ಎಂದೆ.

ಇತ್ತು. ಗೆರೆಗಳು ಕೊರೆದಿಟ್ಟ ಹಾಗೆ ನಿಂತಿದ್ದವು. ದ್ವಿಚಕ್ರಕ್ಕೆ ಕಾನೂನು ಕೇಳುವ ಗೀರಿನ ಆಳ 0.8 ಮಿಲಿಮೀಟರು. ನನ್ನ ಟೈರಿನಲ್ಲಿ ಅದರ ಎರಡರಷ್ಟು ಇತ್ತು. ಕಾನೂನೂ ಕಿಸೆಯೂ ನನ್ನ ಪರವಾಗಿದ್ದವು.

ಜುಲೈ ತಿಂಗಳು. ನಾಟಿ ಕಾಲ. ಗದ್ದೆ ಉತ್ತ ಟ್ರ್ಯಾಕ್ಟರುಗಳು ಅಲ್ಲಿಯ ಕೆಸರನ್ನು ರಸ್ತೆಗೆ ಎಳೆದುಕೊಂಡು ಬಂದಿದ್ದವು. ಮೇಲೆ ಜಡಿಮಳೆ. ನಾಲೆ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ನಾನು ಓದಿ ಕಲಿತ ಹೊಸ ಜ್ಞಾನದಂತೆ ಮುಂದಿನ ಬ್ರೇಕನ್ನೂ ಸೇರಿಸಿ ಹಿಡಿದೆ. ಮುಂದಿನ ಚಕ್ರ, ಎಂಟು ವರ್ಷದಲ್ಲಿ ಮೊದಲ ಬಾರಿಗೆ ತನ್ನಿಂದ ಏನನ್ನೋ ಕೇಳುತ್ತಿದ್ದಾರೆಂದು ಗಾಬರಿಯಾಗಿ, ಸೋಪಿನ ಬಿಲ್ಲೆಯಂತೆ ಜಾರಿತು. ಎಮ್ಮೆ ನಿಂತು ನೋಡಿತು. ನಾನು ಗದ್ದೆಯಲ್ಲಿದ್ದೆ. ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ಎತ್ತಿ, “ಅಯ್ಯೋ, ಮೇಷ್ಟ್ರು ಕಣಕ್ಕಾ!” ಎಂದು ಗುರುತು ಹಿಡಿದರು. ಅವರ ಮುಂದೆ ಸೀಗೆಪುಡಿ ಬಣ್ಣದಲ್ಲಿ ಎದ್ದು ನಿಂತದ್ದೇ ದೊಡ್ಡ ಪೆಟ್ಟು. ಮಿಕ್ಕದ್ದು ಮೊಣಕಾಲಿನ ತರಚು ಗಾಯ.

ಪಂಕ್ಚರ್ ಅಂಗಡಿಯವನು ಟೈರನ್ನು ಒರೆಸಿ, ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿಸಿದ: 1911. ಜಾವಾ ಕಾಲಕ್ಕಿಂತಲೂ ಹಳೆಯ ಇಸವಿಯೆಂದು ಬೆಚ್ಚಿದೆ. ಅಲ್ಲ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2011ರ ಹತ್ತೊಂಬತ್ತನೆಯ ವಾರ, ಅಂದರೆ ಮೇ ತಿಂಗಳಲ್ಲಿ ಹುಟ್ಟಿದ ಕೂಸು. ಟೈರಿಗೂ ಜಾತಕ ಇದೆ. ನಾವು ಓದುವುದಿಲ್ಲ ಅಷ್ಟೇ. ಉಗುರಿನಿಂದ ಒತ್ತಿದರೆ ರಬ್ಬರು ಒಂದಿಷ್ಟೂ ಇಳಿಯಲಿಲ್ಲ. ಗೆರೆಗಳ ಬುಡದಲ್ಲಿ ಒಣಗಿದ ಕೆರೆಯಂಗಳದ ಬಿರುಕು. ಬಿಸಿಲು, ಗಾಳಿ ತಿಂದು ರಬ್ಬರು ಗಟ್ಟಿಯಾಗುತ್ತದೆ. ಬಿರುಕು ತಡೆಯಲೆಂದು ರಬ್ಬರಿನೊಳಗೆ ಬೆರೆಸಿದ ಮೇಣದಂಥ ವಸ್ತು ಮೇಲಕ್ಕೆ ಬರಬೇಕಾದರೆ ಟೈರು ಓಡುತ್ತ, ಮಣಿಯುತ್ತ ಇರಬೇಕು. ಕೊಟ್ಟಿಗೆಯಲ್ಲಿ ಕೂತ ಟೈರು ಕೂತಲ್ಲೇ ಸೆಟೆಯುತ್ತದೆ.

ಆವತ್ತು ನನಗೆ ಹಿಂದಿನ ಚಕ್ರದ ಮೇಲಿದ್ದ ಕನಿಕರ ಇಳಿಯಿತು. ಅದು ದುಡಿಯುತ್ತದೆ, ಸವೆಯುತ್ತದೆ, ಸವೆದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ, ಸಕಾಲಕ್ಕೆ ಬಿಡುಗಡೆ ಸಿಗುತ್ತದೆ. ಕನಿಕರಪಡಬೇಕಾದದ್ದು ಮುಂದಿನದಕ್ಕೆ. ಹಾರ ಹಾಕಿಸಿಕೊಂಡು, ಹೆಚ್ಚು ಕೆಲಸವಿಲ್ಲದೆ, ನೋಡಲು ಹೊಸದರಂತಿದ್ದು, ಒಳಗೇ ಕಲ್ಲಾಗಿ, ಬೇಕಾದ ದಿನ ಕೈ ಕೊಡುತ್ತದೆ. ಹಿಂದಿನದರ ಆಯುಸ್ಸನ್ನು ಕಿಲೋಮೀಟರಿನಲ್ಲಿ ಅಳೆಯಿರಿ, ಮುಂದಿನದರದ್ದನ್ನು ವರ್ಷದಲ್ಲೂ ಅಳೆಯಿರಿ. ಐದು ದಾಟಿದರೆ ಗೆರೆ ನೋಡಿ ನಂಬಬೇಡಿ, ಕೂತು ಜಾತಕ ಓದಿ.

ಹಳೆಯ ಹಿಂದಿನ ಟೈರುಗಳು ಈಗ ಬೀದಿಯ ಹುಡುಗರ ಸ್ವತ್ತು. ಕೋಲು ಹಿಡಿದು ಓಡಿಸುತ್ತ ಉಳಿದದ್ದನ್ನೂ ಸವೆಸುತ್ತಿದ್ದಾರೆ. ಮುಂದಿನದು ನಮ್ಮ ಹುಲ್ಲಿನ ಮೆದೆಯ ನೆತ್ತಿಯಲ್ಲಿ, ಟಾರ್ಪಾಲು ಹಾರದಂತೆ ಕೂತಿದೆ. ಗ್ರಿಪ್ಪು ಇನ್ನೂ ಇದೆ.