ದಾನದ ಅಕ್ಕಿ, ಬೀಳುಬಿದ್ದ ಗದ್ದೆ

ಹೈಟಿಯ ಆರ್ಟಿಬೊನೀಟ್ ಕಣಿವೆ. ಗದ್ದೆಯ ಬದುವಿನ ಮೇಲೆ ಅಮೆರಿಕದ ನೆರವಿನ ಅಧಿಕಾರಿ, ಬೂಟಿಗೆ ಕೆಸರು ತಾಗದಂತೆ ನಿಂತಿದ್ದಾರೆ.

"ಯಜಮಾನರೇ, ನಿಮಗಾಗಿ ಅಕ್ಕಿ ತಂದಿದ್ದೇವೆ!"

"ನಾನು ಬೆಳೆಯೋದೂ ಅಕ್ಕಿನೇ ಸಾಹೇಬ್ರೇ. ಕೊಳ್ಳೋರೇ ಇಲ್ಲ."

"ನಮ್ಮದು ಅಗ್ಗ."

"ಅಗ್ಗ ಆಗದೆ ಇನ್ನೇನು! ನಿಮ್ಮ ರೈತರಿಗೆ ಸಬ್ಸಿಡಿ ಕೊಟ್ರಿ. ನಮ್ಮ ಸರ್ಕಾರದ ಮೇಲೆ ಒತ್ತಡ ಹಾಕಿ 1995ರಲ್ಲಿ ಅಕ್ಕಿಯ ಆಮದು ಸುಂಕ ಶೇ. 3ಕ್ಕೆ ಇಳಿಸೋ ಹಾಗೆ ಮಾಡಿದ್ರಿ."

"ಅದು ತಪ್ಪಾಯಿತೆಂದು 2010ರಲ್ಲಿ ನಮ್ಮ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರೇ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರಲ್ಲ!"

"ತಮ್ಮ ತವರು ರಾಜ್ಯ ಅರ್ಕನ್ಸಾಸ್‌ನ ರೈತರಿಗೆ ಲಾಭ ಆಗಿರಬಹುದು ಅಂತಲೂ ಹೇಳಿದ್ರಂತೆ. ಆ ಪಶ್ಚಾತ್ತಾಪ ಮಾತ್ರ ಯಾವ ಹಡಗಲ್ಲೂ ಬರಲಿಲ್ಲ."

ಹಡಗಿನ ಮಾತು ಬಂದಾಗ ಅಧಿಕಾರಿ ಕೆಮ್ಮಿದರು. ಕೆಮ್ಮಲೇಬೇಕು. ಆಹಾರ ನೆರವಿನ ಅರ್ಧದಷ್ಟಾದರೂ ಅಮೆರಿಕದ ಧ್ವಜದ ಹಡಗಿನಲ್ಲೇ ಸಾಗಬೇಕೆಂಬುದು ಅಲ್ಲಿನ ಕಾನೂನು. ಅಗ್ಗದ ಹಡಗು ಪಕ್ಕದಲ್ಲೇ ನಿಂತಿದ್ದರೂ ಸರಿಯೇ. ಬಾಡಿಗೆಯೂ ನೆರವಿನ ಲೆಕ್ಕಕ್ಕೇ. ದಾನ ಸಮುದ್ರ ದಾಟುತ್ತದೆ, ದುಡ್ಡಿನ ಒಂದು ಪಾಲು ಮನೆಯಲ್ಲೇ ಉಳಿಯುತ್ತದೆ.

"ಹಾಗಾದರೆ ನಾವು ಹೇಗೆ ನೆರವಾಗಬೇಕು?"

"ಆ ದುಡ್ಡಲ್ಲಿ ನಮ್ಮ ಭತ್ತ ಕೊಂಡು ಇಲ್ಲಿನ ಶಾಲೆ ಮಕ್ಕಳಿಗೆ ಊಟ ಹಾಕಿ. ಕಾಲುವೆ ಹೂಳು ತೆಗೆಸಿ."

"ಒಳ್ಳೆಯ ಸಲಹೆ! ಅಧ್ಯಯನಕ್ಕೆ ವಾಷಿಂಗ್ಟನ್‌ನಿಂದ ತಜ್ಞರ ತಂಡ ಕಳಿಸುತ್ತೇವೆ."

"ಬರಲಿ ಸಾಹೇಬ್ರೇ. ಊಟದ ಅಕ್ಕಿನೂ ಅವರೇ ತರ್ತಾರೋ?"