ಹಸಿರಿದ್ದರೆ ಕಾಯಿಯೇ?

ತರಕಾರಿ ಅಂಗಡಿಯಲ್ಲಿ ಪಡುವಲಕಾಯಿಯ ಪಕ್ಕ ಮಲಗಿದ್ದರೆ ಅದು ಬಾಳೆಕಾಯಿ. ಎದುರಿನ ತಳ್ಳುಗಾಡಿಯಲ್ಲಿ ಸೇಬಿನ ಪಕ್ಕ ಕೂತಿದ್ದರೆ ಪಚ್ಚಬಾಳೆ ಹಣ್ಣು. ಎರಡೂ ಹಸಿರೇ ಆದರೂ ಅಲ್ಲಿ ಯಾರಿಗೂ ಗೊಂದಲವಿಲ್ಲ. ಎರಡೂ ಒಂದೇ ಕೈಚೀಲದಲ್ಲಿ ಮನೆಗೆ ಬಂದ ಮೇಲೆ ಶುರು. ಪಲ್ಯದ ಕಾಯಿಯನ್ನು ಕಿಟಕಿಯಲ್ಲಿಟ್ಟು ಹಣ್ಣಾಗಲೆಂದು ಕಾಯುವ ಗಂಡಸರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅದು ಹಣ್ಣೂ ಆಗುತ್ತದೆ, ಪಾಪ. ತಿನ್ನುವವರು ಮಾತ್ರ ಸಿಗುವುದಿಲ್ಲ.

ನಮ್ಮತ್ತೆಯ ಪರೀಕ್ಷೆ ಕಣ್ಣಿನದಲ್ಲ, ಬೆರಳಿನದು. "ಏಣು ಮುಟ್ಟಿ ನೋಡು" ಅನ್ನುತ್ತಾರೆ. ತಿನ್ನುವ ಬಾಳೆ ಬಲಿತಂತೆ ದುಂಡಗಾಗುತ್ತದೆ. ಪಲ್ಯದ ಬಾಳೆ ಎಷ್ಟು ಬಲಿತರೂ ಏಣು ಬಿಡುವುದಿಲ್ಲ, ಸಿಪ್ಪೆಯೂ ದಪ್ಪ. ಈ ಪರೀಕ್ಷೆಗೆ ನೇಂದ್ರ ಮಾತ್ರ ಸೊಪ್ಪು ಹಾಕುವುದಿಲ್ಲ. ಕಾಯಿದ್ದಾಗ ಚಿಪ್ಸ್, ಹಣ್ಣಾದಾಗ ಪೋಡಿ, ಹಬೆಯಲ್ಲಿ ಬೇಯಿಸಿದರೆ ಬೆಳಗಿನ ತಿಂಡಿ. ಎರಡು ಪಕ್ಷದಲ್ಲೂ ಟಿಕೆಟ್ ಪಡೆದ ಏಕೈಕ ಬಾಳೆ.

ಹದಿನೆಂಟನೇ ಶತಮಾನದಲ್ಲಿ ಸ್ವೀಡನ್ನಿನ ಲಿನೇಯಸ್ ಬೇಯಿಸುವ ಬಾಳೆಗೆ ಒಂದು ಹೆಸರು, ಹಾಗೇ ತಿನ್ನುವುದಕ್ಕೆ ಇನ್ನೊಂದು ಹೆಸರು ಕೊಟ್ಟು ಎರಡು ಪ್ರಭೇದ ಮಾಡಿದ. ಆಮೇಲಿನವರು ಕೆದಕಿದರೆ ಎರಡೂ ಮಿಶ್ರತಳಿಗಳು: ಮೂಸಾ ಅಕ್ಯುಮಿನಾಟ, ಮೂಸಾ ಬಾಲ್ಬಿಸಿಯಾನ ಎಂಬ ಎರಡು ಕಾಡುಬಾಳೆಗಳ ಮಕ್ಕಳು. ನಾವು ತಾಂಬೂಲದಲ್ಲಿಡುವ ಏಲಕ್ಕಿ ಬಾಳೆಯಲ್ಲೂ ಎರಡರ ಅಂಶವಿದೆ. ಪಚ್ಚಬಾಳೆ ಮೊದಲನೆಯದರ ವಂಶ ಮಾತ್ರ. ಗೋತ್ರ ನೋಡಿ ಒಗ್ಗರಣೆ ಹಾಕುವ ಹಾಗಿಲ್ಲ.

ಪಚ್ಚಬಾಳೆಯದು ಬೇರೆಯೇ ತುಂಟತನ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ ಮೀರಿದ ಸೆಖೆಯಲ್ಲಿ ಹಣ್ಣಾದರೆ ಅದರ ಸಿಪ್ಪೆಯ ಹಸಿರು ಪೂರ್ತಿ ಹೋಗುವುದಿಲ್ಲ. ತಂಪು ಕೋಣೆಯಲ್ಲಿ ಮಾಗಿದ ಅದರ ದಾಯಾದಿಗಳು ಸೂಪರ್ ಮಾರ್ಕೆಟ್ಟಿನಲ್ಲಿ ಹಳದಿ ರೇಷ್ಮೆಯುಟ್ಟು ಮೆರೆಯುತ್ತವೆ. ಮನೆಯಲ್ಲಿ ಹಳದಿಯಾಗಲೆಂದೇ ಕಾದು ಕೂತರೆ ಹಣ್ಣು ಕೊಳೆಯುತ್ತದೆ. ಬಣ್ಣ ಬಿಡಿ, ಮೆಲ್ಲಗೆ ಅದುಮಿ ನೋಡಿ.

ಹಣ್ಣಿಗೆ ಹಾಕುವುದರಲ್ಲಿ ಅಜ್ಜಿಯಂದಿರ ದಾರಿಗಳು ಹಲವು. ಗೊನೆಯನ್ನು ಹುಲ್ಲಿನಲ್ಲಿ ಹುದುಗಿಸುವುದು, ಚಿಪ್ಪನ್ನು ಅಕ್ಕಿ ಡಬ್ಬಕ್ಕೆ ಸೇರಿಸುವುದು, ಗುಂಡಿ ತೋಡಿ ಹೊಗೆ ಹಾಕುವುದು. ಎಲ್ಲದರ ಗುಟ್ಟೂ ಎಥಿಲೀನ್. ಮಾಗುವ ಹಣ್ಣು ತಾನೇ ಬಿಡುವ ಅನಿಲ ಅದು, ಹೊಗೆಯಲ್ಲೂ ಇರುತ್ತದೆ. ಮುಚ್ಚಿಟ್ಟರೆ ಅಲ್ಲೇ ಸುಳಿದಾಡಿ ಕಾಯಿಯ ಹಿಟ್ಟನ್ನು ಸಕ್ಕರೆ ಮಾಡಿಸುತ್ತದೆ. ಒಂದು ಮಾಗಿದ ಹಣ್ಣನ್ನು ಕಾಯಿಗಳ ಜೊತೆ ಕಾಗದದ ಚೀಲದಲ್ಲಿ ಕಟ್ಟಿಟ್ಟರೂ ಸಾಕು. ಸಹವಾಸದೋಷದಿಂದ ಉದ್ಧಾರವಾಗುವುದು ಬಾಳೆಗೆ ಸಾಧ್ಯ. ಗೊನೆಗೊನೆಯನ್ನೇ ಹಣ್ಣಿಗೆ ಹಾಕಿದರೆ ಇರುವ ಸಂಕಟ ಬೇರೆ: ಎಲ್ಲವೂ ಒಟ್ಟಿಗೇ ಮಾಗುತ್ತವೆ. ಬೆಳಿಗ್ಗೆ ರಸಾಯನ, ಮಧ್ಯಾಹ್ನ ಹಲ್ವ, ಸಂಜೆ ಮಂಗಳೂರು ಬನ್ಸ್. ಮಾರನೆಯ ದಿನ ಕೈಯಲ್ಲಿ ಚಿಪ್ಪು ಹಿಡಿದು ಹೊರಟರೆ ನೆರೆಮನೆಯವರು ಬಾಗಿಲು ತೆಗೆಯುವುದಿಲ್ಲ.

ಅವಸರದ ವ್ಯಾಪಾರಿಗಳು ಕಾರ್ಬೈಡ್ ಇಡುತ್ತಾರೆ. ಅದರಲ್ಲಿ ಆರ್ಸೆನಿಕ್ಕಿನ ಅಂಶ ಇರಬಹುದು. 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಅದಕ್ಕೆ ನಿಷೇಧವಿದೆ. ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿಯುಂಟು.

ಇಷ್ಟೆಲ್ಲ ಓದಿ ಚಿಪ್ಪು ತಂದವರಲ್ಲಿ ಒಂದು ವಿನಂತಿ: ಕಾಯನ್ನು ಫ್ರಿಜ್ಜಿಗೆ ಹಾಕಬೇಡಿ. ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಹೊರಗೆ ತೆಗೆದಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ.