ರಾಂಗ್ ನಂಬರಿನ ಮೂವರು

ಅಪಹರಣಕಾರ ಫೋನ್ ಮಾಡುತ್ತಾನೆ. ಮಗು ನಮ್ಮ ಕೈಯಲ್ಲಿದೆ, ಹಣ ತಂದರೆ ಜೀವಂತ ಸಿಗುತ್ತದೆ, ಪೊಲೀಸರ ಹತ್ತಿರ ಹೋದರೆ ಹೆಣ ಸಿಗುತ್ತದೆ ಎಂದು ಗುಡುಗುತ್ತಾನೆ. ಈ ಕಡೆ ರಿಸೀವರ್ ಹಿಡಿದು ನಿಂತವನಿಗೆ ಹೆಂಡತಿ ಮಕ್ಕಳ ತಾಪತ್ರಯವೇ ಇಲ್ಲ. ಇರುವುದು ಸಾಲ ಮಾತ್ರ. ಅಷ್ಟು ದೊಡ್ಡ ಮೊತ್ತವನ್ನು ಅವನು ಈವರೆಗೆ ಬಾಯಲ್ಲಿ ಉಚ್ಚರಿಸಿಯೂ ಇಲ್ಲ.

ನೆಟ್ಟಗಿರುವ ಮನುಷ್ಯನಾದರೆ "ರಾಂಗ್ ನಂಬರ್ ಸ್ವಾಮಿ" ಎಂದು ಫೋನ್ ಇಟ್ಟು ಠಾಣೆಗೆ ಓಡುತ್ತಿದ್ದ, ಸಿನಿಮಾ ಹತ್ತೇ ನಿಮಿಷಕ್ಕೆ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿರುವ ಮೂವರಿಗೂ ಹೊಟ್ಟೆ ಖಾಲಿ, ಜೇಬು ಖಾಲಿ. ಅವರ ತಲೆಯಲ್ಲಿ ಒಂದು ಲೆಕ್ಕ ಓಡುತ್ತದೆ. ಮಗುವಿನ ಮನೆಯವರಿಗೆ ನಾವೇ ಅಪಹರಣಕಾರರು ಎಂದು ಫೋನ್ ಮಾಡುವುದು, ಅವನು ಕೇಳಿದ್ದಕ್ಕಿಂತ ದುಪ್ಪಟ್ಟು ಕೇಳುವುದು, ಅವನ ಪಾಲು ಅವನಿಗೆ ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುವುದು. ಮಗು ಮನೆ ಸೇರುತ್ತದೆ, ಅಪಹರಣಕಾರನಿಗೂ ಮೋಸವಿಲ್ಲ, ನಮಗೂ ನಾಲ್ಕು ಕಾಸು. ಭಾರತೀಯ ಸಿನಿಮಾದಲ್ಲಿ ಇಷ್ಟು ಮರ್ಯಾದಸ್ಥವಾದ ಸುಲಿಗೆ ಮತ್ತೊಂದು ಸಿಗುವುದು ಕಷ್ಟ.

ಈ ಲೆಕ್ಕ ಮೊದಲು ತೆರೆಗೆ ಬಂದದ್ದು 1989ರಲ್ಲಿ, ಮಲಯಾಳದ 'ರಾಮ್‌ಜಿ ರಾವ್ ಸ್ಪೀಕಿಂಗ್' ಚಿತ್ರದಲ್ಲಿ. ನಿರ್ದೇಶಕರು ಸಿದ್ದಿಕ್ ಮತ್ತು ಲಾಲ್, ಇಬ್ಬರಿಗೂ ಅದು ಮೊದಲ ಚಿತ್ರ. ಅದಕ್ಕೆ ಮುಂಚೆ ಕೊಚ್ಚಿಯ ಕಲಾಭವನದ ಮಿಮಿಕ್ರಿ ತಂಡದಲ್ಲಿ ಊರೂರು ಸುತ್ತಿದವರು, ಆಮೇಲೆ ನಿರ್ದೇಶಕ ಫಾಸಿಲ್ ಕೈಕೆಳಗೆ ಸಹಾಯಕರಾಗಿ ದುಡಿದವರು. ಮಿಮಿಕ್ರಿ ವೇದಿಕೆಯಲ್ಲಿ ನಗು ಬರದಿದ್ದರೆ ಮೂರನೆಯ ಸಾಲಿನಿಂದಲೇ ಕೂಗು ಬರುತ್ತದೆ. ಎಲ್ಲಿ ಮಾತು ನಿಲ್ಲಿಸಬೇಕು, ಯಾರ ಮುಖ ತೋರಿಸಬೇಕು ಎಂಬುದನ್ನು ಈ ಜೋಡಿ ಕಲಿತದ್ದು ಅಲ್ಲೇ ಇರಬೇಕು. ಕಥೆಯ ಬೀಜ 1971ರ 'ಸೀ ದ ಮ್ಯಾನ್ ರನ್' ಎಂಬ ಅಮೆರಿಕದ ಟೆಲಿಚಿತ್ರದ್ದು ಎನ್ನುತ್ತಾರೆ. ಅದರಲ್ಲೂ ಕೆಲಸವಿಲ್ಲದ ನಟನೊಬ್ಬನಿಗೆ ಇಂಥದೇ ತಪ್ಪು ಕರೆ ಬರುತ್ತದೆ. ಆದರೆ ಅದು ಉಸಿರು ಬಿಗಿಹಿಡಿಸುವ ಥ್ರಿಲ್ಲರ್. ಆ ಫೋನನ್ನು ಒಂದು ಮುಚ್ಚಿಹೋದ ನಾಟಕ ಕಂಪನಿಯ ಮಾಲೀಕನ ಮನೆಯಲ್ಲಿ ರಿಂಗಾಗುವಂತೆ ಮಾಡಿದ್ದು ಮಲಯಾಳಿಗಳ ಕೈಚಳಕ.

ಆ ಮಾಲೀಕನ ಹೆಸರು ಮಾನ್ನಾರ್ ಮತ್ತಾಯಿ, ಕಂಪನಿಯ ಹೆಸರು ಊರ್ವಶಿ ಥಿಯೇಟರ್ಸ್. ಮಗು ಕಳೆದುಕೊಂಡ ಸಾಹುಕಾರ ಉರುಮೀಸ್ ತಂಬಾನ್. ಟೆಲಿಫೋನ್ ಡೈರೆಕ್ಟರಿಯಲ್ಲಿ ಒಬ್ಬರ ನಂಬರು ಇನ್ನೊಬ್ಬರದ್ದಾಗಿ ಹೋಗಿದೆ. ಈಗಿನ ಹುಡುಗರಿಗೆ ಇದನ್ನು ವಿವರಿಸುವುದೇ ಒಂದು ಕೆಲಸ. ಆಗ ಫೋನಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಬಂದ ಫೋನಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸುತ್ತಿದ್ದರು. ಇಟ್ಟಿಗೆ ಗಾತ್ರದ ಡೈರೆಕ್ಟರಿಯಲ್ಲಿ ಅಚ್ಚಾದದ್ದೇ ವೇದವಾಕ್ಯ. ಕರೆ ಮಾಡಿದವನ ಹೆಸರು ತೋರಿಸುವ ಪರದೆ ಇರಲಿಲ್ಲ. ಆಸ್ಪತ್ರೆಗೆ ಮಾಡಿದ ಕರೆ ಅಕ್ಕಿ ಮಂಡಿಗೆ ಹೋಗಿ, ಅಕ್ಕಿ ಮಂಡಿಯವರು ಸಾವಧಾನವಾಗಿ ರೋಗಿಯ ಆರೋಗ್ಯ ವಿಚಾರಿಸಿಕೊಳ್ಳುತ್ತಿದ್ದ ಕಾಲ ಅದು. ಟ್ರೂಕಾಲರ್ ಬಂದ ಮೇಲೆ ಈ ಕಥೆಯನ್ನು ಯಾರೂ ಬರೆಯಲಾರರು, ಬರೆದರೂ ಅಪಹರಣಕಾರನ ಹೆಸರಿನ ಪಕ್ಕ 'ಸ್ಪ್ಯಾಮ್' ಎಂದು ಕೆಂಪಗೆ ಬಂದುಬಿಡುತ್ತದೆ.

ಮತ್ತಾಯಿಯಾಗಿ ನಟಿಸಿದವರು ಇನ್ನೊಸೆಂಟ್. ಅವರಿಗೂ ಕರ್ನಾಟಕಕ್ಕೂ ಒಂದು ಹಳೆಯ ನಂಟಿದೆ. ಸಿನಿಮಾದಲ್ಲಿ ನೆಲೆಯಾಗುವ ಮುಂಚೆ ಈ ಇರಿಞಾಲಕುಡದ ಮನುಷ್ಯ ದಾವಣಗೆರೆಯಲ್ಲಿದ್ದು ಬೆಂಕಿಪೆಟ್ಟಿಗೆ ಕಾರ್ಖಾನೆಯ ವ್ಯವಹಾರ ನೋಡಿಕೊಂಡಿದ್ದರು. ಅಲ್ಲಿನ ಮಲಯಾಳಿಗಳ ನಡುವೆ ನಾಟಕವನ್ನೂ ಆಡುತ್ತಿದ್ದರು. ವ್ಯಾಪಾರ ಕೈಹಿಡಿಯಲಿಲ್ಲ. ಎಂಟನೆಯ ಕ್ಲಾಸಿಗೆ ಶಾಲೆ ಮುಗಿಸಿದ್ದನ್ನೂ ಕೈಕೊಟ್ಟ ವ್ಯಾಪಾರಗಳನ್ನೂ ಅವರು ಆಮೇಲೆ ನಗುನಗುತ್ತಲೇ ಹೇಳಿಕೊಂಡರು, ಬರೆದುಕೊಂಡರು. ಮತ್ತಾಯಿಯ ಮುಖದ ಆ ಗಾಬರಿಯನ್ನು, ಬಾಗಿಲು ತಟ್ಟಿದರೆ ಸಾಲಗಾರನೇ ಇರಬೇಕೆಂದು ಬೆಚ್ಚುವ ಆ ಕಣ್ಣನ್ನು ಯಾವ ನಟನಾ ಶಾಲೆಯೂ ಕಲಿಸುವುದಿಲ್ಲ. ಮುಂದೆ ಇದೇ ಮನುಷ್ಯ 2014ರಲ್ಲಿ ಚಾಲಕುಡಿಯಿಂದ ಗೆದ್ದು ಲೋಕಸಭೆಗೆ ಹೋದರು.

ಚಿತ್ರದ ಉಳಿದ ಇಬ್ಬರು ಗೆಳೆಯರು ಮುಕೇಶ್ ಮತ್ತು ಸಾಯಿಕುಮಾರ್. ಸಾಯಿಕುಮಾರ್ ರಂಗಭೂಮಿಯಿಂದ ಬಂದ ಹೊಸಬರು, ಮುಕೇಶ್ ಕೂಡ ಪೋಸ್ಟರಿನ ಬಲದ ಮೇಲೆ ಟಿಕೆಟ್ ಮಾರಿಸುವ ನಾಯಕನಾಗಿರಲಿಲ್ಲ. ಆಗ ಕೇರಳದಲ್ಲಿ ಜನ ಥಿಯೇಟರಿಗೆ ಹೋಗುತ್ತಿದ್ದದ್ದು ಮಮ್ಮೂಟ್ಟಿ ಅಥವಾ ಮೋಹನ್‌ಲಾಲ್ ಇದ್ದಾರೆಯೇ ಎಂದು ನೋಡಿ. ಅವರಿಬ್ಬರೂ ಇಲ್ಲದ, ಇಂಗ್ಲಿಷ್ ಹೆಸರಿನ, ಖಳನಾಯಕನನ್ನೇ ಶೀರ್ಷಿಕೆಗೆ ಏರಿಸಿದ ಸಿನಿಮಾಕ್ಕೆ ಮೊದಲ ದಿನಗಳಲ್ಲಿ ಜನ ಬರಲಿಲ್ಲ. ಬಂದ ಕೆಲವರು ಹೊರಗೆ ಹೋಗಿ ಬಾಯಿಬಿಟ್ಟರು. ಕಥೆ ಹೇಳಲು ಹೋಗಿ, ನಡುವೆ ತಾವೇ ನಕ್ಕು, ಕೊನೆಗೆ "ನೀನೇ ಹೋಗಿ ನೋಡು ಮಾರಾಯ" ಎಂದು ಕೈಚೆಲ್ಲುವಂಥ ಸಿನಿಮಾ ಅದು. ಅಂಥ ಶಿಫಾರಸಿಗಿಂತ ದೊಡ್ಡ ಜಾಹೀರಾತಿಲ್ಲ. ವಾರಗಳು ಉರುಳಿದಂತೆ ಚಿತ್ರ ದೊಡ್ಡ ಗೆಲುವಾಯಿತು.

ಅಲ್ಲಿನ ಪ್ರೇಕ್ಷಕ ಬರೀ ಮಾತಿನ ಚಟಾಕಿಗೆ ಬಿದ್ದನೆಂದರೆ ಅವನಿಗೆ ಅನ್ಯಾಯ. ಕಲಿತವರಿಗೆ ಕೆಲಸವಿಲ್ಲದ ಕೇರಳ ಅದು. ಎರಡು ವರ್ಷದ ಹಿಂದೆ, 1987ರಲ್ಲಿ, 'ನಾಡೋಡಿಕ್ಕಾಟ್ಟು' ಚಿತ್ರದ ಇಬ್ಬರು ನಿರುದ್ಯೋಗಿಗಳು ದುಬೈಗೆಂದು ದೋಣಿ ಹತ್ತಿ ಮದ್ರಾಸಿನಲ್ಲಿ ಇಳಿದದ್ದನ್ನು ನೋಡಿ ಇದೇ ಜನ ಬಿದ್ದು ಬಿದ್ದು ನಕ್ಕಿದ್ದರು. 'ರಾಮ್‌ಜಿ ರಾವ್' ಚಿತ್ರದ ಮೂವರಲ್ಲಿ ಒಬ್ಬನಾದ ಬಾಲಕೃಷ್ಣನ್ ನಗರಕ್ಕೆ ಬರುವುದು ತನಗೆ ಸಿಗಬೇಕಾದ ಕೆಲಸ ಇನ್ನೊಬ್ಬರ ಪಾಲಾಯಿತೆಂದು ನ್ಯಾಯ ಕೇಳಲು. ಗೋಪಾಲಕೃಷ್ಣನ್ ತನಗೆ ಒಳ್ಳೆಯ ನೌಕರಿ ಇದೆಯೆಂದು ತಾಯಿಗೆ ಸುಳ್ಳು ಹೇಳಿಕೊಂಡು ಬದುಕುತ್ತಿದ್ದಾನೆ. ಥಿಯೇಟರಿನಲ್ಲಿ ನಕ್ಕವರ ಪೈಕಿ ಎಷ್ಟು ಜನ ಅದೇ ವಾರ ಮನೆಗೆ ಅಂಥದೇ ಕಾಗದ ಬರೆದಿದ್ದರೋ.

ಹನ್ನೊಂದು ವರ್ಷದ ನಂತರ ಪ್ರಿಯದರ್ಶನ್ ಈ ಕಥೆಯನ್ನು ಹಿಂದಿಗೆ ಒಯ್ದರು. 'ಹೇರಾ ಫೇರಿ' ತೆರೆಗೆ ಬಂದದ್ದು 2000ದ ಮಾರ್ಚ್ 31ರಂದು. ಸಾಲದಲ್ಲಿ ಮುಳುಗಿದ ಮೂವರ ಕಥೆಯನ್ನು ಹಣಕಾಸು ವರ್ಷದ ಕಡೆಯ ದಿನ ಬಿಡುಗಡೆ ಮಾಡಿದವರಿಗೆ ಹಾಸ್ಯಪ್ರಜ್ಞೆ ಇತ್ತೋ, ಬರೀ ಶುಕ್ರವಾರ ಇತ್ತೋ. ನಾಟಕ ಕಂಪನಿ ಇಲ್ಲಿ ಸ್ಟಾರ್ ಗ್ಯಾರೇಜ್ ಆಯಿತು, ಸಾಹುಕಾರನ ಕಂಪನಿ ಸ್ಟಾರ್ ಫಿಶರೀಸ್. ಕದ್ದದ್ದು ಮಗಳನ್ನಲ್ಲ, ಮೊಮ್ಮಗಳನ್ನು. ದೇಶದಲ್ಲಿ ಬಿಎಸ್‌ಎನ್‌ಎಲ್ ಹುಟ್ಟಿದ್ದು ಅದೇ ವರ್ಷದ ಅಕ್ಟೋಬರ್ 1ಕ್ಕೆ. ಆದ್ದರಿಂದ ಈ ತಪ್ಪು ಕರೆಯ ಪಾಪ ಅದರ ತಲೆಗೆ ಬರುವುದಿಲ್ಲ.

ಇಲ್ಲಿಯೂ ಆರಂಭ ಮಂದವೇ. ಅಕ್ಷಯ್ ಕುಮಾರ್ ಎಂದರೆ ಆಗ ಖಿಲಾಡಿ, ಸುನೀಲ್ ಶೆಟ್ಟಿ ಎಂದರೆ 'ಬಲವಾನ್'. ಇಬ್ಬರೂ ಒಟ್ಟಿಗೆ ಇದ್ದರೆ ಕನಿಷ್ಠ ನಾಲ್ಕು ಗೋಡೆಯಾದರೂ ಒಡೆಯಬೇಕು ಎಂಬುದು 'ಮೊಹ್ರಾ' ನೋಡಿದವರ ಖಾತರಿ. ಬಂದವರಿಗೆ ಸಿಕ್ಕಿದ್ದು ಬಾಡಿಗೆ ಕೊಡಲಾಗದೆ ಪರಸ್ಪರ ಕಿತ್ತಾಡುವ ಇಬ್ಬರು ಅಬ್ಬೇಪಾರಿಗಳು. ಮುಲ್ಕಿಯಲ್ಲಿ ಹುಟ್ಟಿದ, ಮನೆಮಾತು ತುಳು ಆಗಿರುವ ಸುನೀಲ್ ಶೆಟ್ಟರ ಮುಖ ಹೆಚ್ಚು ಕುಣಿಯುವುದಿಲ್ಲ ಎಂಬುದು ವಿಮರ್ಶಕರ ಹಳೆಯ ದೂರು. ಈ ಚಿತ್ರದಲ್ಲಿ ಅದೇ ವರವಾಯಿತು. ಎಡಕ್ಕೆ ಒಬ್ಬ ಹಾರಾಡುತ್ತಾನೆ, ಬಲಕ್ಕೆ ಒಬ್ಬ ಗೊಣಗುತ್ತಾನೆ, ನಡುವೆ ಅವರ ಶ್ಯಾಮ್ ಎಲ್ಲವನ್ನೂ ಗಂಭೀರವಾಗಿ ನಂಬಿ ನಿಂತಿರುತ್ತಾನೆ. ಹಾಸ್ಯದ ಜೋಡಿಯಲ್ಲಿ ನಗದವನೇ ಕಂಬ. ಆ ಕೆಲಸಕ್ಕೆ ಸಿಗಬೇಕಾದಷ್ಟು ಶಹಬ್ಬಾಸ್ ಅವರಿಗೆ ಸಿಗಲಿಲ್ಲ.

ಸಿಕ್ಕಿದ್ದೆಲ್ಲ ಗ್ಯಾರೇಜಿನ ಮಾಲೀಕ ಬಾಬುರಾವ್ ಗಣಪತರಾವ್ ಆಪ್ಟೆಗೆ. ಸೋಡಾ ಬಾಟಲಿಯ ತಳದಂಥ ಕನ್ನಡಕ, ಬನಿಯನ್, ಪಂಚೆ, ಮರಾಠಿ ಒಗ್ಗರಣೆಯ ಹಿಂದಿ. ಪರೇಶ್ ರಾವಲ್ ಆ ವರ್ಷದ ಹಾಸ್ಯನಟನೆಯ ಫಿಲ್ಮ್‌ಫೇರ್ ಪ್ರಶಸ್ತಿ ಗೆದ್ದರು. ಬಾಬುರಾವ್ ಮೋಸಗಾರನಲ್ಲ. ಒಳ್ಳೆಯವನಾಗಿಯೂ ಉಳಿಯಬೇಕು, ಹಣವೂ ಬೇಕು, ಜೊತೆಗೆ ನಿದ್ದೆಯೂ ಕೆಡಬಾರದು ಎಂಬ ಸಾಮಾನ್ಯ ಗೃಹಸ್ಥನ ಆಸೆ ಅವನದು. ದೇವರೇ ಎತ್ತಿಕೋ ಎಂದು ಮೊರೆಯಿಟ್ಟು, ದೇವರು ಎಲ್ಲಿ ತಪ್ಪು ತಿಳಿದಾನೋ ಎಂದು ತನ್ನನ್ನಲ್ಲ, ಈ ಇಬ್ಬರನ್ನು ಎಂದು ತಿದ್ದುವವನನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ?

ಕಾನೂನಿನ ಪುಸ್ತಕ ತೆರೆದರೆ ಮಾತ್ರ ನಗು ಒಂದಿಷ್ಟು ಇಳಿಯುತ್ತದೆ. ಒತ್ತೆಹಣಕ್ಕಾಗಿ ಅಪಹರಿಸಿದವರಿಗೆ ಮರಣದಂಡನೆ ಅಥವಾ ಜೀವಾವಧಿ ಎನ್ನುವ 364-ಎ ಕಲಮು ಆಗಿನ ಭಾರತೀಯ ದಂಡಸಂಹಿತೆಗೆ ಸೇರಿದ್ದು 1993ರಲ್ಲಿ. ಅಂದರೆ ಎರಡು ಸಿನಿಮಾಗಳ ನಡುವೆ. ಮತ್ತಾಯಿ ಇಲ್ಲದ ಭಯಕ್ಕೆ ನಡುಗಿದ್ದ, ಬಾಬುರಾವ್ ಇರುವ ಭಯವನ್ನು ತಿಳಿಯದೆ ಮಲಗಿದ್ದ. ತಾವು ಯಾರನ್ನೂ ಕದ್ದಿಲ್ಲ, ಕದ್ದವರ ಹೆಸರಿನಲ್ಲಿ ಫೋನ್ ಮಾತ್ರ ಮಾಡಿದ್ದೇವೆ ಎಂದು ವಾದಿಸಲು ವಕೀಲರು ಸಿಗುತ್ತಿದ್ದರು, ಫೀಸು ಎಲ್ಲಿಂದ ತರುತ್ತಿದ್ದರೋ ಗೊತ್ತಿಲ್ಲ. ಪ್ರೇಕ್ಷಕ ಇದ್ಯಾವುದನ್ನೂ ಲೆಕ್ಕಕ್ಕಿಡಲಿಲ್ಲ. ನಿಜವಾದ ಕೇಡಿಗರನ್ನು, ಅಲ್ಲಿ ರಾಮ್‌ಜಿ ರಾವನನ್ನು, ಇಲ್ಲಿ ಕಬೀರಾನನ್ನು, ಚಿತ್ರ ಬೇರೆಯಾಗಿಯೇ ಇಟ್ಟಿದೆ. ಅವರು ತಮಾಷೆ ಮಾಡುವುದಿಲ್ಲ. ಅವರು ನಿಜವಾಗಿ ಹೆದರಿಸುವುದರಿಂದಲೇ ಈ ಮೂವರ ಪುಕ್ಕಲುತನ ನಗು ತರಿಸುತ್ತದೆ. ಈ ಚಿತ್ರಗಳ ನಂತರ ಬಂದ ಎಷ್ಟೋ ಹಾಸ್ಯಚಿತ್ರಗಳು ಖಳನನ್ನೂ ಕೋಡಂಗಿ ಮಾಡಿ ಕೆಟ್ಟವು.

'ಹೇರಾ ಫೇರಿ' ನಿಜವಾಗಿ ಜನರದ್ದಾದದ್ದು ಥಿಯೇಟರಿನಲ್ಲಿ ಅಲ್ಲ, ಟಿವಿಯಲ್ಲಿ. ಚಾನೆಲ್ಲುಗಳು ಮತ್ತೆ ಮತ್ತೆ ಹಾಕಿದವು, ಮನೆಯವರು ಮತ್ತೆ ಮತ್ತೆ ನೋಡಿದರು. ಹಿಂದಿ ಅರ್ಧಂಬರ್ಧ ಬರುವ ಕನ್ನಡದ ಮನೆಗಳಲ್ಲೂ ಬಾಬುರಾವ್ ಅರ್ಥವಾದ, ಅವನ ಹಿಂದಿಯೂ ಅರ್ಧಂಬರ್ಧವೇ ತಾನೆ. ಆಮೇಲೆ ಮೊಬೈಲು ಬಂದು, ಚಿತ್ರದ ಒಂದೊಂದು ಮುಖಭಾವವೂ ಒಂದೊಂದು ಮೀಮ್ ಆಯಿತು. ಸಂಬಳದ ಕೊನೆಯ ವಾರಕ್ಕೆ ಒಂದು, ಬಾಸ್ ರಜೆ ಕೊಡದಿದ್ದರೆ ಇನ್ನೊಂದು. 2006ರಲ್ಲಿ 'ಫಿರ್ ಹೇರಾ ಫೇರಿ' ಬಂದಾಗ ವಿಮರ್ಶಕರು ಮೂಗು ಮುರಿದರು, ಜನ ಮುಗಿಬಿದ್ದರು. 21 ದಿನದಲ್ಲಿ ಹಣ ದುಪ್ಪಟ್ಟಾಗುತ್ತದೆಂಬ ಅದರ ಸ್ಕೀಮು ಸಿನಿಮಾಕ್ಕಿಂತ ಹೆಚ್ಚು ದಿನ ಓಡಿತು. ಪ್ರತಿ ಚಿಟ್‌ಫಂಡ್ ಹಗರಣದ ಮರುದಿನ ಆ ದೃಶ್ಯ ಮತ್ತೆ ವಾಟ್ಸಾಪ್ ಸುತ್ತುತ್ತದೆ. ಚಿತ್ರ ಮುಗಿಯುವುದು ಸೇತುವೆಯ ಮೇಲೆ, ಬಂದೂಕುಗಳನ್ನು ನೀರಿಗೆ ಎಸೆಯಲು ಹೊರಟ ರಾಜುವಿನ, ಅಂದರೆ ಅಕ್ಷಯ್ ಕುಮಾರ್ ಪಾತ್ರದ, ಫೋನ್ ರಿಂಗಾಗುವಾಗ. ಆಮೇಲೆ ಏನಾಯಿತೆಂದು ತಿಳಿಯಲು ಒಂದು ಪೀಳಿಗೆ ಕಾಯುತ್ತ ಕೂತಿದೆ.

ಹಾಗೆ ಕಾಯುತ್ತಿದ್ದವರಿಗೆ 2025ರ ಮೇ ತಿಂಗಳಲ್ಲಿ ಬಂದ ಸುದ್ದಿ, ಮೂರನೆಯ ಭಾಗದಿಂದ ಪರೇಶ್ ರಾವಲ್ ಹಿಂದೆ ಸರಿದರು ಎಂಬುದು. ಬಾಬುರಾವ್ ಪಾತ್ರ ಕೊರಳ ಕುಣಿಕೆಯಾಗಿದೆ ಎಂಬ ಅರ್ಥದ ಮಾತನ್ನು ಅವರು ಸಂದರ್ಶನದಲ್ಲಿ ಮೊದಲೇ ಆಡಿದ್ದರು. ಅಕ್ಷಯ್ ಕುಮಾರ್ ಅವರ ನಿರ್ಮಾಣ ಸಂಸ್ಥೆ 25 ಕೋಟಿ ರೂಪಾಯಿ ಕೇಳಿ ನೋಟಿಸು ಕಳಿಸಿತು. ರಾವಲ್ ಮುಂಗಡ ಪಡೆದಿದ್ದ 11 ಲಕ್ಷವನ್ನು ಶೇಕಡಾ 15ರ ಬಡ್ಡಿ ಸೇರಿಸಿ ಹಿಂದಿರುಗಿಸಿದರು ಎಂದು ಪತ್ರಿಕೆಗಳು ಬರೆದವು. ಬಾಡಿಗೆ ಬಾಕಿಯ ಜಗಳದಿಂದ ಹುಟ್ಟಿದ ಕಥೆಯ ಮೇಲೆ ಕೋಟಿಗಳ ಜಗಳ ಎದ್ದದ್ದನ್ನು ಜನ ಸಿನಿಮಾದಷ್ಟೇ ಮನಸ್ಸಿಟ್ಟು ನೋಡಿದರು. ಬೈದರು, ಬೇಡಿಕೊಂಡರು, ಬಾಬುರಾವ್ ಇಲ್ಲದಿದ್ದರೆ ನಾವೂ ಇಲ್ಲ ಎಂದು ಹಟ ಹಿಡಿದರು. ಟಿಕೆಟ್ಟಿನ ದುಡ್ಡು ಕೊಟ್ಟು ಥಿಯೇಟರಿನಲ್ಲಿ ನೋಡದವರೇ ಹೆಚ್ಚು ಜೋರಾಗಿ ಹಕ್ಕು ಸ್ಥಾಪಿಸಿದ್ದು ವಿಶೇಷ. ಜೂನ್ ಮುಗಿಯುವಷ್ಟರಲ್ಲಿ ರಾವಲ್ ಎಲ್ಲ ಬಗೆಹರಿಯಿತೆಂದು ಹೇಳಿ ಹಿಂದಿರುಗಿದರು.

ಇನ್ನು ಮೂಲವೋ, ರೀಮೇಕೋ ಎಂಬ ಪ್ರಶ್ನೆ. ಹಿಂದಿಯಲ್ಲಿ ಹಾಡುಗಳು ಕಥೆಯ ಕಾಲಿಗೆ ತೊಡರುತ್ತವೆ, ಅವನ್ನು ಕಿತ್ತರೂ ಏನೂ ಕೆಡುವುದಿಲ್ಲ. ಬಾಬುರಾವ್ ಎಂಬ ಮನುಷ್ಯ ಮಾತ್ರ ಮಲಯಾಳದಲ್ಲಿ ಇಲ್ಲ, ಮತ್ತಾಯಿ ಬೇರೆಯೇ ಜಾತಿಯ ಬಡಪಾಯಿ. ಕಥೆಯ ಕಟ್ಟು, ಹಸಿವಿನ ಸತ್ಯ, ಗೆಳೆತನ ನಿಧಾನಕ್ಕೆ ಕುದುರುವ ರೀತಿ, ಇವೆಲ್ಲ 'ರಾಮ್‌ಜಿ ರಾವ್' ಚಿತ್ರದಲ್ಲೇ ಗಟ್ಟಿ. 2023ರಲ್ಲಿ ಮಾರ್ಚ್ ತಿಂಗಳಲ್ಲಿ ಇನ್ನೊಸೆಂಟ್, ಆಗಸ್ಟ್‌ನಲ್ಲಿ ಸಿದ್ದಿಕ್ ತೀರಿಕೊಂಡರು. ಎರಡು ಸಲವೂ ಮಲಯಾಳಿಗಳು ಈ ಚಿತ್ರದ ತುಣುಕುಗಳನ್ನೇ ಹಂಚಿಕೊಂಡು ಬೀಳ್ಕೊಟ್ಟರು.

ಎರಡರಲ್ಲಿ ಒಂದಕ್ಕಷ್ಟೇ ಪುರುಸೊತ್ತಿದ್ದರೆ ಮಲಯಾಳದ್ದನ್ನು ಹುಡುಕಿ ನೋಡಿ. ಹಿಂದಿಯದ್ದನ್ನು ಹುಡುಕಬೇಕಾಗಿಲ್ಲ, ಯಾವುದಾದರೊಂದು ಭಾನುವಾರ ಮಧ್ಯಾಹ್ನ ಟಿವಿ ಹಾಕಿದರೆ ಬರುತ್ತಲೇ ಇರುತ್ತದೆ.